ಪುಸ್ತಕ ಹರಿದಿದೆ, ಚೀಲ ಗೋದಾಮಿನಲ್ಲೇ ಇದೆ

(ಮಡಿಕೇರಿಯ ಗ್ರಂಥಾಲಯವೊಂದರ ಸಭಾಂಗಣದಲ್ಲಿ ಮಳೆಗಾಲದ ಒಂದು ಭಾನುವಾರ, ಕರೆಂಟು ಹೋಗಿ ಕೆಟ್ಟ ಕಂಪ್ಯೂಟರ್ ಡ್ರೈವಿನಿಂದ ಫೈಲುಗಳನ್ನು ಮರಳಿ ಪಡೆಯುವ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಮಾತಿನ ನಡುವೆ ಕರೆಂಟು ಎರಡು ಸಲ ಹೋಯಿತು. ಆಗ ಮೈಕ್ ಇಲ್ಲದೆ ಕೂಗಿ ಹೇಳಿದ್ದನ್ನು ನೆನಪಿನಿಂದ ಸೇರಿಸಿದ್ದೇನೆ.)

ಈ ಮಳೆಯಲ್ಲೂ ಕೊಡೆ ಹಿಡಿದು ಬಂದಿದ್ದೀರಿ. ಅರ್ಧ ಜನ ವಿಷಯದ ಮೇಲಿನ ಆಸಕ್ತಿಯಿಂದ, ಉಳಿದರ್ಧ ಜನ ಮನೆಯಲ್ಲಿ ಮೂರ್ಛೆ ಹೋಗಿರುವ ಲ್ಯಾಪ್‌ಟಾಪಿನ ಸಲುವಾಗಿ ಬಂದಿದ್ದೀರಿ ಎಂದು ನನ್ನ ಅಂದಾಜು. ಬಾಗಿಲ ಹತ್ತಿರ ಕುಳಿತ ಮೂವರ ಮಡಿಲಲ್ಲಿ ಚೀಲ ಕಾಣುತ್ತಿದೆ. ಅದನ್ನು ಆಮೇಲೆ ನೋಡೋಣ.

ನಾನು ವಿಜ್ಞಾನಿಯಲ್ಲ, ಕಂಪ್ಯೂಟರ್ ರಿಪೇರಿ ಅಂಗಡಿಯವನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಮೇಜಿಗೆ ಬರುವ ಯಂತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಕಥೆ ಹೇಳುತ್ತವೆ. ಮರ ತಂತಿಯ ಮೇಲೆ ಬಿತ್ತು, ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು, ಬೆಳಿಗ್ಗೆ ನೋಡಿದರೆ ಫೈಲುಗಳಿಲ್ಲ.

ಹೋದ ಕಕ್ಕಡದ ಮಳೆ ತಿಂಗಳಲ್ಲಿ ನಾಪೋಕ್ಲು ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಸಿಪಿಯು ಡಬ್ಬವನ್ನು ಗೊಬ್ಬರದ ಚೀಲದಲ್ಲಿ ಸುತ್ತಿ, ಹಗ್ಗ ಬಿಗಿದು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು. ಕೊಡಗಿನಲ್ಲಿ ದೇವರಕಾಡುಗಳು ಸಾವಿರಕ್ಕೂ ಹೆಚ್ಚು ಇವೆಯಲ್ಲ. ಮೇಷ್ಟ್ರು ಆರು ವರ್ಷ ತಮ್ಮ ಸುತ್ತಲಿನ ಕಾಡುಗಳನ್ನು ಒಂದೊಂದಾಗಿ ನೋಡಿ, ಹಿರಿಯರನ್ನು ಕೇಳಿ, ಯಾವ ಕಾಡಿಗೆ ಯಾವ ದೇವರು, ಯಾವ ಕಟ್ಟುಪಾಡು, ಹಬ್ಬ ಯಾವಾಗ ಎಂದೆಲ್ಲ ಬರೆದಿಟ್ಟಿದ್ದರು. ಎಲ್ಲವೂ ಒಂದೇ ನೋಟ್‌ಪ್ಯಾಡ್ ಫೈಲಿನಲ್ಲಿ. ಪ್ರತಿ ಇದೆಯೇ ಎಂದು ಕೇಳಿದೆ. ಇತ್ತು, ಪೆನ್‌ಡ್ರೈವಿನಲ್ಲಿ, ಎರಡು ವರ್ಷ ಹಳೆಯದು.

ಆ ರಾತ್ರಿ ಕರೆಂಟು ನಾಲ್ಕೈದು ಸಲ ಹೋಗಿ ಬಂದಿತ್ತು. ಬೆಳಿಗ್ಗೆ ಡಿ ಡ್ರೈವ್ ತೆರೆದರೆ, 'ಬಳಸುವ ಮೊದಲು ಇದನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?' ಎಂದು ಇಂಗ್ಲಿಷಿನಲ್ಲಿ ಪ್ರಶ್ನೆ. ಬೆಂಗಳೂರಿನಲ್ಲಿರುವ ಅಳಿಯನಿಗೆ ಫೋನ್ ಮಾಡಿದರು. "ಮಾವ, ಹೂಂ ಎಂದು ಒತ್ತಿಬಿಡಿ. ಆಮೇಲೆ ಸಾಫ್ಟ್‌ವೇರ್ ಹಾಕಿ ಎಲ್ಲ ತೆಗೆಯಬಹುದು" ಎಂದನಂತೆ. ಮೇಷ್ಟ್ರು ಒತ್ತಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ಪೂರ್ತಿ ಅರ್ಥವಾಗದ ಕಾಗದಕ್ಕೆ ನಾನು ಯಾವತ್ತೂ ಸಹಿ ಹಾಕಿದವನಲ್ಲಪ್ಪ" ಎಂದರು.

ಅಳಿಯ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಹತ್ತು ಹದಿನೈದು ವರ್ಷದ ಹಿಂದಿನ ಹಾರ್ಡ್‌ಡಿಸ್ಕಿಗೆ ಅದು ನಡೆಯುತ್ತಿತ್ತು. ಮೇಷ್ಟ್ರ ಡಬ್ಬದಲ್ಲಿದ್ದದ್ದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯ ಬದಲು ಫ್ಲ್ಯಾಶ್ ಚಿಪ್ಪಿನಲ್ಲಿ ಮಾಹಿತಿ ಇಡುವ ಡ್ರೈವ್. ಅದಕ್ಕೆ ನಡೆಯುವುದಿಲ್ಲ. ಯಾಕೆ ನಡೆಯುವುದಿಲ್ಲ ಎಂಬುದನ್ನು ಹೇಳುವುದಕ್ಕೇ ಇವತ್ತು ನಿಂತಿದ್ದೇನೆ.

ಕಾಫಿ ಗೋದಾಮಿನ ಲೆಕ್ಕದಲ್ಲಿ ಹೇಳುತ್ತೇನೆ. ತೋಟದ ಮಾಲೀಕರ ಹತ್ತಿರ ಒಂದು ಪುಸ್ತಕವಿದೆ: ರೊಬಸ್ಟಾ ಚೆರಿ, 50 ಕಿಲೋ ಚೀಲ, ನಂಬರ್ 1ರಿಂದ 40. ಇದು ಫೈಲ್ ಸಿಸ್ಟಂ. ವಿಂಡೋಸ್‌ನಲ್ಲಾದರೆ ಎನ್‌ಟಿಎಫ್‌ಎಸ್, ಲಿನಕ್ಸ್‌ನಲ್ಲಾದರೆ ಹೆಚ್ಚಾಗಿ ಎಕ್ಸ್‌ಟಿ4. ಹಳೆಯ ಹಾರ್ಡ್‌ಡಿಸ್ಕ್ ಇಷ್ಟರಲ್ಲೇ ಮುಗಿಯುತ್ತಿತ್ತು. 40ನೇ ಚೀಲ ಎಂದರೆ 40ನೇ ಜಾಗದಲ್ಲೇ ಇರುತ್ತಿತ್ತು. ಪುಸ್ತಕ ಸುಟ್ಟರೂ, ಹೊಸ ಪುಸ್ತಕ ತಂದು ಮೊದಲ ಪುಟ ಬರೆದರೂ, ಚೀಲಗಳು ಕದಲುತ್ತಿರಲಿಲ್ಲ.

ಎಸ್‌ಎಸ್‌ಡಿಯಲ್ಲಿ ಮಾಲೀಕರ ಕೆಳಗೆ ಒಬ್ಬ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಇದ್ದಾನೆ. ಅವನ ಹತ್ತಿರ ಅವನದೇ ಇನ್ನೊಂದು ಪುಸ್ತಕ. ಮಾಲೀಕರು 40ನೇ ಚೀಲ ಎಂದರೆ ಅದು ನಿಜವಾಗಿ ಯಾವ ಮೂಲೆಯಲ್ಲಿದೆ ಎಂಬುದು ಅವನಿಗೆ ಮಾತ್ರ ಗೊತ್ತು. ಒಂದೇ ಜಾಗ ಸವೆಯದಿರಲಿ ಎಂದು ಚೀಲಗಳನ್ನು ರಾತ್ರಿ ಅಲ್ಲಿಂದ ಇಲ್ಲಿಗೆ ಸಾಗಿಸುತ್ತಾನೆ, ಯಾರಿಗೂ ಹೇಳುವುದಿಲ್ಲ. ಈ ರೈಟರ್ ಎಂದರೆ ಡ್ರೈವಿನೊಳಗಿನ ಕಂಟ್ರೋಲರ್. ಅವನ ಪುಸ್ತಕಕ್ಕೆ ಫ್ಲ್ಯಾಶ್ ಟ್ರಾನ್ಸ್‌ಲೇಶನ್ ಲೇಯರ್ ಎಂದು ಹೆಸರು.

ರೈಟರ್ ಯಾಕೆ ಬೇಕಾಯಿತು? ಫ್ಲ್ಯಾಶ್ ಎಂಬ ವಸ್ತುವಿನ ಗುಣವೇ ಹಾಗೆ. ಜಪಾನಿನ ತೋಷಿಬಾದಲ್ಲಿದ್ದ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ಇದನ್ನು ಕಂಡುಹಿಡಿದರು. ಇವತ್ತಿನ ಎಸ್‌ಎಸ್‌ಡಿಗಳಲ್ಲಿರುವ ನ್ಯಾಂಡ್ ಬಗೆಯನ್ನು ಲೋಕಕ್ಕೆ ತೋರಿಸಿದ್ದು 1987ರಲ್ಲಿ. ದೊಡ್ಡ ಭಾಗವೊಂದು ಒಮ್ಮೆಗೇ ಅಳಿಯುವುದನ್ನು ಕಂಡು, ಕ್ಯಾಮೆರಾ ಫ್ಲ್ಯಾಶಿನ ಹಾಗಿದೆ ಎಂದು ಅವರ ಸಹೋದ್ಯೋಗಿ ಹೇಳಿದ್ದೇ ಹೆಸರಾಗಿ ಉಳಿಯಿತು. ಇದರಲ್ಲಿ ಬರೆಯುವುದು ಸಣ್ಣ ಸಣ್ಣ ಪುಟಗಳಾಗಿ, 4ರಿಂದ 16 ಕಿಲೋಬೈಟ್. ಆದರೆ ಬರೆದದ್ದರ ಮೇಲೆ ಮತ್ತೆ ಬರೆಯಲು ಬರುವುದಿಲ್ಲ, ಮೊದಲು ಅಳಿಸಬೇಕು. ಅಳಿಸುವುದೋ ನೂರಾರು ಪುಟಗಳ ಇಡೀ ಬ್ಲಾಕನ್ನು. ಕಾಫಿ ಕಣದಲ್ಲಿ ಒಂದು ಹಿಡಿ ಹಣ್ಣು ಬದಲಾಯಿಸಲು ಇಡೀ ಕಣ ಗುಡಿಸಬೇಕು ಎಂದ ಹಾಗೆ. ದಿನಕ್ಕೆ ಸಾವಿರ ಸಲ ಗುಡಿಸುತ್ತ ಕೂತರೆ ಕೆಲಸ ಸಾಗದು, ಕಣವೂ ಉಳಿಯದು. ಅದಕ್ಕೇ ರೈಟರ್ ಹೊಸದನ್ನು ಖಾಲಿ ಜಾಗದಲ್ಲಿ ಹರಡಿ, ಹಳೆಯದಕ್ಕೆ ಪುಸ್ತಕದಲ್ಲಿ ಗೀಟು ಹಾಕಿ, ಬಿಡುವಿದ್ದಾಗ ಗುಡಿಸುತ್ತಾನೆ.

ಗುಡಿಸಲು ಅವನಿಗೆ ಒಂದು ವಿಷಯ ಗೊತ್ತಾಗಬೇಕು: ಮಾಲೀಕರಿಗೆ ಯಾವ ಚೀಲ ಇನ್ನು ಬೇಡ? ಮಾಲೀಕರು ತಮ್ಮ ಪುಸ್ತಕದಲ್ಲಿ ಹೆಸರು ಹೊಡೆದರೆ ಸಾಲದು, ರೈಟರ್‌ಗೆ ಹೇಳಿ ಕಳುಹಿಸಬೇಕು. ಆ ಸಂದೇಶದ ಹೆಸರು ಟ್ರಿಮ್. 2009ರ ವಿಂಡೋಸ್ 7ರಿಂದ ಈಚೆಗೆ ಇದು ತಾನಾಗಿಯೇ ನಡೆಯುತ್ತದೆ. ಫೈಲ್ ಅಳಿಸಿದಿರಿ, ಮರುಬಳಕೆ ಬುಟ್ಟಿ ಖಾಲಿ ಮಾಡಿದಿರಿ, ಟ್ರಿಮ್ ಹೋಯಿತು. ಡಿ ಡ್ರೈವಿನಂಥ ಇಡೀ ವಿಭಾಗವನ್ನು ಫಾರ್ಮ್ಯಾಟ್ ಮಾಡಿದಿರಿ, ಅದು ನಾಲ್ಕು ಸೆಕೆಂಡಿನಲ್ಲಿ ಮುಗಿಯುವ ಕ್ವಿಕ್ ಫಾರ್ಮ್ಯಾಟ್ ಆಗಿದ್ದರೂ, ಇಡೀ ವಿಭಾಗಕ್ಕೆ ಟ್ರಿಮ್ ಹೋಯಿತು. ರೈಟರ್ ತನ್ನ ಪುಸ್ತಕದಿಂದ ಆ ಸಾಲುಗಳನ್ನು ಹೊಡೆದುಹಾಕಿದ. ಆಮೇಲೆ ಯಾವ ಸಾಫ್ಟ್‌ವೇರ್ ಹೋಗಿ 40ನೇ ಚೀಲ ಕೊಡು ಎಂದರೂ, ಹೆಚ್ಚಿನ ಡ್ರೈವ್‌ಗಳು ಬರೀ ಸೊನ್ನೆ ಕೊಡುತ್ತವೆ. ಚೀಲ ಇನ್ನೂ ಮೂಲೆಯಲ್ಲಿ ಬಿದ್ದಿರಬಹುದು, ರೈಟರ್ ಮಾತ್ರ ತೋರಿಸುವುದಿಲ್ಲ.

ಮಡಿಕೇರಿ ಹತ್ತಿರ ಹೋಂಸ್ಟೇ ನಡೆಸುವ ಒಬ್ಬರು ಮಗಳ ಮದುವೆಯ ಫೋಟೋಗಳ ಫೋಲ್ಡರನ್ನು ತಪ್ಪಿ ಅಳಿಸಿದ್ದರು. ಎರಡು ದಿನ ಅದೇ ಲ್ಯಾಪ್‌ಟಾಪಿನಲ್ಲಿ ಅದೇ ಡ್ರೈವಿಗೆ ಒಂದೊಂದೇ ರಿಕವರಿ ಸಾಫ್ಟ್‌ವೇರ್ ಇಳಿಸಿಕೊಂಡು ನೋಡಿ, ಕೊನೆಗೆ ನನ್ನ ಹತ್ತಿರ ತಂದರು. ಫೈಲುಗಳ ಹೆಸರೆಲ್ಲ ಪಟ್ಟಿಯಲ್ಲಿ ಬಂದವು, ಗಾತ್ರವೂ ಸರಿಯಾಗಿಯೇ ಇತ್ತು. ಅವರ ಮುಖ ಅರಳಿತು. ಮೊದಲ ಫೋಟೋವನ್ನು, ಫೈಲಿನ ಬೈಟುಗಳನ್ನು ಇದ್ದ ಹಾಗೆ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದೆ. ಜೆಪಿಇಜಿ ಚಿತ್ರ ಎಂದರೆ ಎಫ್‌ಎಫ್ ಡಿ8 ಎಂದು ಶುರುವಾಗಬೇಕು. ಅಲ್ಲಿ 00 00 00 00. ಕೆಳಕ್ಕೆ ಎಳೆದೆ, 00 00. ಕೊನೆಯವರೆಗೂ ಅದೇ. ಎರಡನೆಯದು, ಮೂರನೆಯದು, ನೂರನೆಯದು. ಅವರು ಹೇಳಿದ ಮಾತನ್ನು ಇಲ್ಲಿ ಹೇಳುವುದಿಲ್ಲ. ಮೊದಲ ಗಂಟೆಯಲ್ಲೇ ತಂದಿದ್ದರೂ ಹೆಚ್ಚೇನೂ ಸಿಗುತ್ತಿರಲಿಲ್ಲ ಎಂದೆ. ಸಮಾಧಾನಕ್ಕೆ ಹೇಳಿದ್ದಲ್ಲ, ನಿಜವನ್ನೇ ಹೇಳಿದ್ದು.

ಈಗ ಮೇಷ್ಟ್ರ ಡ್ರೈವ್ ನೋಡಿ. ಅಲ್ಲಿ ಯಾರೂ ಏನನ್ನೂ ಅಳಿಸಿಲ್ಲ. ಕರೆಂಟು ಹೋದ ಗಳಿಗೆಯಲ್ಲಿ ಮಾಲೀಕರ ಪುಸ್ತಕದ ಕೆಲವು ಹಾಳೆ ಹರಿಯಿತು, ಅಷ್ಟೇ. ರೈಟರ್‌ಗೆ 'ಬೇಡ' ಎಂಬ ಸಂದೇಶ ಹೋಗಿಲ್ಲ. ಅವನ ಕಣ್ಣಿಗೆ ಎಲ್ಲ ಚೀಲವೂ ಬೇಕಾದ ಚೀಲವೇ, ಜೋಪಾನವಾಗಿ ಇಟ್ಟುಕೊಂಡಿದ್ದಾನೆ. ಹಾಗಾಗಿ ಎಸ್‌ಎಸ್‌ಡಿಯಲ್ಲಿ ಅಳಿಸಿದ ಫೈಲಿಗಿಂತ ಕೆಟ್ಟುಹೋದ ಫೈಲ್ ಸಿಸ್ಟಂ ಒಳ್ಳೆಯ ಸುದ್ದಿ. ಪರದೆ ಮೇಲೆ ಮಾತ್ರ ತಿರುವುಮುರುವು: ಅಳಿಸಿದಾಗ ಕಂಪ್ಯೂಟರ್ ಸುಮ್ಮನಿರುತ್ತದೆ, ಕೆಟ್ಟಾಗ ಲೋಕವೇ ಮುಳುಗಿದ ಹಾಗೆ ಕಿರುಚುತ್ತದೆ. ಆ ಗಾಬರಿಯಲ್ಲಿ ಫಾರ್ಮ್ಯಾಟ್ ಒತ್ತಿದರೆ ಮೇಷ್ಟ್ರ ಕಥೆಯೂ ಹೋಂಸ್ಟೇಯವರ ಕಥೆಯೇ.

ಫಾರ್ಮ್ಯಾಟ್ ಕೆಟ್ಟದ್ದು ಎಂದರೆ ಎಲ್ಲರೂ ತಲೆಯಾಡಿಸುತ್ತೀರಿ. 'ರಿಪೇರಿ' ಎಂದರೆ ಮಾತ್ರ ನಂಬುತ್ತೀರಿ. ಚೆಕ್‌ಡಿಸ್ಕ್, ಎಫ್‌ಎಸ್‌ಸಿಕೆ ಎಂಬ ರಿಪೇರಿ ಸಲಕರಣೆಗಳ ಕೆಲಸ ಪುಸ್ತಕದ ಕೂಡು-ಕಳೆ ಸರಿಹೊಂದಿಸುವುದು, ನಿಮ್ಮ ಚೀಲ ಕಾಯುವುದಲ್ಲ. ಲೆಕ್ಕ ಕೂಡದ ನಮೂದು ಸಿಕ್ಕರೆ ಹೊಡೆದುಹಾಕಿ, ಆ ಜಾಗ ಖಾಲಿ ಎಂದು ಬರೆದು, ಈಗ ಎಲ್ಲ ಸರಿ ಎನ್ನುತ್ತವೆ. ಕೆಲವನ್ನು ಫೌಂಡ್ 000 ಎಂಬ ಫೋಲ್ಡರಿಗೆ ಹಾಕುವುದುಂಟು. ಖಾಲಿ ಎಂದು ಬರೆದ ಜಾಗದ ಗತಿ? ವಿಂಡೋಸ್ ಸಾಮಾನ್ಯವಾಗಿ ವಾರಕ್ಕೊಮ್ಮೆ ಖಾಲಿ ಜಾಗಕ್ಕೆಲ್ಲ ಹೊಸದಾಗಿ ಟ್ರಿಮ್ ಕಳುಹಿಸುತ್ತದೆ. ಬಹಳಷ್ಟು ಲಿನಕ್ಸ್‌ಗಳಲ್ಲೂ ಇದೇ ವಾರದ ಕೆಲಸ ಇದೆ. ಸೋಮವಾರ ರಿಪೇರಿ ಮಾಡಿಸಿ, ಮುಂದಿನ ಸೋಮವಾರ 'ಒಂದು ಫೋಲ್ಡರ್ ಕಾಣುತ್ತಿಲ್ಲ' ಎಂದು ಬರುವವರ ಕಥೆ ಇದೇ.

ಇಲ್ಲಿ ಮುಂದಿನ ಸಾಲಿನ ಒಬ್ಬರು ಎದ್ದು, "ಕರೆಂಟು ಹೋದರೆ ಬರೆಯುತ್ತಿದ್ದ ಫೈಲ್ ಕೆಡಬೇಕು. ಸುಮ್ಮನೆ ಕುಳಿತಿದ್ದ ಹಳೆಯ ಫೈಲುಗಳು ಯಾಕೆ ಕೆಡುತ್ತವೆ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ರೈಟರ್ ಸುಮ್ಮನೆ ಕುಳಿತಿರುವುದಿಲ್ಲವಲ್ಲ. ಹಳೆಯ ಚೀಲಗಳನ್ನೂ ಸಾಗಿಸುತ್ತಿರುತ್ತಾನೆ, ತನ್ನ ಪುಸ್ತಕದ ಹೊಸ ಸಾಲುಗಳನ್ನು ಕೈಯಲ್ಲಿ ಹಿಡಿದು ಆಮೇಲೆ ಬರೆದುಕೊಳ್ಳುತ್ತಾನೆ. ಅಷ್ಟರಲ್ಲಿ ದೀಪ ಆರಿದರೆ? 2013ರಲ್ಲಿ ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯ ಮತ್ತು ಎಚ್‌ಪಿ ಲ್ಯಾಬ್ಸ್‌ನ ಸಂಶೋಧಕರು 15 ಎಸ್‌ಎಸ್‌ಡಿಗಳ ಕರೆಂಟನ್ನು ಬೇಕೆಂದೇ ಮತ್ತೆ ಮತ್ತೆ ಕಿತ್ತು ನೋಡಿದರು. 13 ಡ್ರೈವ್‌ಗಳು ಒಂದಲ್ಲ ಒಂದು ರೀತಿ ಎಡವಿದವು. ದುಬಾರಿ ಸರ್ವರ್ ಡ್ರೈವ್‌ಗಳಲ್ಲಿ ದೀಪ ಆರಿದ ಮೇಲೂ ಕೈಯಲ್ಲಿರುವುದನ್ನು ಬರೆದು ಮುಗಿಸುವಷ್ಟು ಕರೆಂಟು ಹಿಡಿದಿಡುವ ಕೆಪಾಸಿಟರ್‌ಗಳಿರುತ್ತವೆ. ನಾವು ಕೊಳ್ಳುವ ಅಗ್ಗದ ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಜಿಲ್ಲೆಯ ಮಳೆಗಾಲವೂ ಅದೇ ಪ್ರಯೋಗವನ್ನು ಸಂಬಳವಿಲ್ಲದೆ ನಡೆಸುತ್ತಿದೆ.

ರೈಟರ್‌ನ ಪುಸ್ತಕವೇ ಹಾಳಾದರೆ ಡ್ರೈವ್ ಗುರುತೇ ಸಿಗುವುದಿಲ್ಲ, ಅಥವಾ 240 ಜಿಬಿಯ ಡ್ರೈವ್ ಸೊನ್ನೆ ಎಂದು ತೋರಿಸುತ್ತದೆ. ಅದು ನನ್ನ ಕೈ ಮೀರಿದ್ದು. ಆ ಕಂಟ್ರೋಲರ್‌ನ ಒಳಗುಟ್ಟು ಬಲ್ಲ ಪ್ರಯೋಗಾಲಯಕ್ಕೇ ಹೋಗಬೇಕು. ಚಿಪ್ ಕಿತ್ತು ಓದುತ್ತೇವೆ ಎನ್ನುವವರ ಮಾತಿಗೆ ಮರುಳಾಗಬೇಡಿ. ಈಗಿನ ಅನೇಕ ಕಂಟ್ರೋಲರ್‌ಗಳು ಚಿಪ್ಪಿಗೆ ಬರೆಯುವಾಗಲೇ ಗೂಢಲಿಪಿ ಮಾಡಿ ಬರೆಯುತ್ತವೆ. ಹಾಗೆಯೇ ವಿಂಡೋಸಿನ ಗೂಢಲಿಪಿ ಬೀಗವಾದ ಬಿಟ್‌ಲಾಕರ್ ಹಾಕಿದ ಲ್ಯಾಪ್‌ಟಾಪಿಗೆ 48 ಅಂಕಿಯ ಕೀಲಿ ಬೇಕೇ ಬೇಕು. ಅದಿಲ್ಲದೆ ತಂದರೆ ನಾನು ಕಾಫಿ ಕುಡಿಸಿ ಕಳುಹಿಸಬಲ್ಲೆ, ಅಷ್ಟೇ.

ಮೇಷ್ಟ್ರ ಡ್ರೈವಿಗೆ ಏನು ಮಾಡಿದೆ ಎಂದು ಹೇಳುತ್ತೇನೆ. ಅವರ ಕಂಪ್ಯೂಟರನ್ನು ಚಾಲೂ ಮಾಡಲೇ ಇಲ್ಲ. ಡ್ರೈವ್ ಬಿಚ್ಚಿ ನನ್ನ ಲಿನಕ್ಸ್ ಯಂತ್ರಕ್ಕೆ ಸಿಕ್ಕಿಸಿದೆ. ಆ ಯಂತ್ರದಲ್ಲಿ ಡ್ರೈವ್‌ಗಳು ತಾವಾಗಿ ತೆರೆದುಕೊಳ್ಳುವುದನ್ನು ನಿಲ್ಲಿಸಿಟ್ಟಿದ್ದೇನೆ. ಹಿಂದಿನ ಸಾಲಿನ ಎಂಜಿನಿಯರಿಂಗ್ ಹುಡುಗರಿಗೆ ಒಂದು ಕಿವಿಮಾತು: ಎಕ್ಸ್‌ಟಿ4 ಅನ್ನು 'ಓದಲು ಮಾತ್ರ' ಎಂದು ತೆರೆದರೂ ಅದು ತನ್ನ ಜರ್ನಲ್ಲಿನಲ್ಲಿ ಬಾಕಿ ಉಳಿದ ಬದಲಾವಣೆಗಳನ್ನು ಡ್ರೈವಿಗೆ ಬರೆದುಬಿಡುತ್ತದೆ, ನೋಲೋಡ್ ಎಂದೂ ಸೇರಿಸಬೇಕು.

ಆಮೇಲೆ ಪಡಿಯಚ್ಚು. ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ಸಲಕರಣೆ ಮೊದಲು ಸಲೀಸಾಗಿ ಓದಬಹುದಾದ ಜಾಗಗಳನ್ನೆಲ್ಲ ಎತ್ತಿಕೊಳ್ಳುತ್ತದೆ, ತಕರಾರು ಮಾಡುವ ಜಾಗಗಳನ್ನು ಒಂದು ನಕ್ಷೆಯಲ್ಲಿ ಗುರುತು ಹಾಕಿಕೊಂಡು ಕೊನೆಗೆ ಮತ್ತೆ ಹೋಗುತ್ತದೆ. ನಡುವೆ ಕರೆಂಟು ಹೋದರೆ ಆ ನಕ್ಷೆ ನೋಡಿ ನಿಂತಲ್ಲಿಂದ ಮುಂದುವರಿಯುತ್ತದೆ. ಕೊಡಗಿನವರಿಗೆಂದೇ ಮಾಡಿದ್ದಾರೇನೋ ಎನಿಸುತ್ತದೆ. ಡ್ರೈವಿನ ಪ್ರತಿ ಬಿಂದುವೂ ಒಂದು ದೊಡ್ಡ ಫೈಲಾಗಿ ನನ್ನ ಹಾರ್ಡ್‌ಡಿಸ್ಕಿಗೆ ಬಂದ ಮೇಲೆ ಮೂಲ ಡ್ರೈವನ್ನು ಕವರಿನಲ್ಲಿ ಹಾಕಿ ಮೇಷ್ಟ್ರ ಕೈಗೇ ಕೊಟ್ಟೆ. ಮುಂದಿನ ಪ್ರಯೋಗವೆಲ್ಲ ಪಡಿಯಚ್ಚಿನ ಮೇಲೆ, ಅದೂ ಅದರ ಇನ್ನೊಂದು ಪ್ರತಿಯ ಮೇಲೆ.

ಎನ್‌ಟಿಎಫ್‌ಎಸ್ ಬುದ್ಧಿವಂತ ವ್ಯವಸ್ಥೆ. ವಿಭಾಗದ ಮೊದಲ ಸೆಕ್ಟರ್ ಬೂಟ್ ಸೆಕ್ಟರ್, ಪುಸ್ತಕ ಎಲ್ಲಿ ಶುರು ಎಂದು ಹೇಳುವ ತುಣುಕು. ಅದರ ಪ್ರತಿಯನ್ನು ವಿಭಾಗದ ಕಟ್ಟಕಡೆಯ ಸೆಕ್ಟರ್‌ನಲ್ಲಿ ಇಟ್ಟುಕೊಂಡಿರುತ್ತದೆ. ಟೆಸ್ಟ್‌ಡಿಸ್ಕ್ ಎಂಬ ಉಚಿತ ಸಲಕರಣೆ ಎರಡನ್ನೂ ಹೋಲಿಸಿ, ಮೊದಲನೆಯದು ಕೆಟ್ಟಿದೆ, ಕೊನೆಯದು ಸರಿಯಿದೆ ಎಂದಿತು. ಪಡಿಯಚ್ಚಿನಲ್ಲಿ ಕೊನೆಯದನ್ನು ಮೊದಲಿನ ಜಾಗಕ್ಕೆ ತಂದೆ. ಫೋಲ್ಡರುಗಳು ಕಂಡವು. ಮೊಮ್ಮಕ್ಕಳ ಫೋಟೋ, ಪಿಂಚಣಿ ಕಾಗದ, ಯಾರದೋ ಮದುವೆಯ ಕರೆಯೋಲೆ ಎಲ್ಲ ಬಂತು. ದೇವರಕಾಡು ಬರಲಿಲ್ಲ.

ಎನ್‌ಟಿಎಫ್‌ಎಸ್‌ನಲ್ಲಿ ಪ್ರತಿ ಫೈಲಿಗೂ ಸಾಮಾನ್ಯವಾಗಿ 1024 ಬೈಟಿನ ಒಂದು ದಾಖಲೆ. ಎಫ್ ಐ ಎಲ್ ಇ ಎಂಬ ನಾಲ್ಕು ಅಕ್ಷರದಿಂದ ಶುರುವಾಗುವ ಆ ದಾಖಲೆಯಲ್ಲಿ ಹೆಸರು, ತಾರೀಕು, ವಿಷಯ ಎಲ್ಲೆಲ್ಲಿದೆ ಎಂಬ ವಿವರ ಇರುತ್ತದೆ. ಮೇಷ್ಟ್ರು ಕರೆಂಟು ಹೋಗುವಾಗ ತೆರೆದುಕೊಂಡು ಕುಳಿತಿದ್ದದ್ದು ಅದೇ ಫೈಲು. ಹರಿದ ಹಾಳೆಗಳಲ್ಲಿ ಅದರ ದಾಖಲೆಯೂ ಸೇರಿತ್ತು.

ಇಂಥ ಕಡೆ ಹೆಚ್ಚಿನವರು ಫೋಟೋರೆಕ್‌ಗೆ ಹೋಗುತ್ತಾರೆ. ಅದು ಪುಸ್ತಕವನ್ನೇ ನೋಡುವುದಿಲ್ಲ, ನೇರ ಗೋದಾಮಿಗಿಳಿದು ಚೀಲದ ಬಾಯಿ ನೋಡಿ ಇದು ಚಿತ್ರ, ಇದು ಪಿಡಿಎಫ್ ಎಂದು ಹೆಕ್ಕುತ್ತದೆ. ಚಿತ್ರಗಳಿಗೆ ಬಹಳ ಒಳ್ಳೆಯದು. ಹೆಸರು ಹೋದರೂ ಫೋಟೋ ತೆಗೆದ ದಿನಾಂಕ ಚಿತ್ರದೊಳಗೇ ಇರುವುದರಿಂದ ವಿಂಗಡಿಸಬಹುದು. ಆದರೆ ಬರಿಯ ಪಠ್ಯಕ್ಕೆ ಬಾಯಿಗುರುತು ಇಲ್ಲ. ಎಲ್ಲಿ ಶುರು, ಎಲ್ಲಿ ಮುಗಿತಾಯ ಎಂದು ತಿಳಿಯುವುದಿಲ್ಲ.

ಇಲ್ಲಿ ನಮ್ಮನ್ನು ಕಾದದ್ದು ಕನ್ನಡ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಗುಣಿತದ ಚಿಹ್ನೆ ಮೂರು ಬೈಟು. ಮೊದಲನೆಯದು ಯಾವಾಗಲೂ ಇ0. ಎರಡನೆಯದು ಬಿ2 ಅಥವಾ ಬಿ3, ಬೇರೆ ಇಲ್ಲ. 'ಕ' ಎಂದರೆ ಇ0 ಬಿ2 95. ಇಂಗ್ಲಿಷ್ ಪಠ್ಯ ಡ್ರೈವಿನಲ್ಲಿ ಎಲ್ಲೆಲ್ಲೂ ಚೆಲ್ಲಿರುತ್ತದೆ, ಅದರಲ್ಲಿ ನಿಮ್ಮದನ್ನು ಹುಡುಕುವುದು ಜಾತ್ರೆಯಲ್ಲಿ ಮಗು ಹುಡುಕಿದ ಹಾಗೆ. ಇ0 ಬಿ2, ಇ0 ಬಿ3 ಎಂದು ಸಾಲುಸಾಲಾಗಿ ಬರುವ ಜಾಗ ಮಾತ್ರ ಕತ್ತಲ ಕಾಡಿನಲ್ಲಿ ದೀಪ ಹಚ್ಚಿದ ಹಾಗೆ ಎದ್ದು ಕಾಣುತ್ತದೆ. ವಿಂಡೋಸಿನ ತನ್ನದೇ ಕನ್ನಡ ಪಠ್ಯಗಳು, ಬ್ರೌಸರ್ ಇಳಿಸಿಕೊಂಡ ಸುದ್ದಿ ತುಣುಕುಗಳು ಇದ್ದವು, ಅವನ್ನು ಬದಿಗಿಟ್ಟೆ. ಉಳಿದದ್ದು ಮೇಷ್ಟ್ರದು.

ಅವರು ನೋಟ್‌ಪ್ಯಾಡಿನಲ್ಲಿ ಬರೆದದ್ದು ಪುಣ್ಯ. ವರ್ಡ್‌ನಲ್ಲಿ ಬರೆದಿದ್ದರೆ ಅದು ಒಳಗೆ ಜಿಪ್ ಮಾಡಿ ಒತ್ತಿಟ್ಟ ಗಂಟು, ಇ0 ಬಿ2 ಎಲ್ಲೂ ಕಾಣುತ್ತಿರಲಿಲ್ಲ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬರೆದಿದ್ದರೂ ಕಷ್ಟ. ಅವುಗಳ ಕನ್ನಡ ಡಿಸ್ಕಿನಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕುಳಿತಿರುತ್ತದೆ.

ಮೂರು ದೊಡ್ಡ ತುಂಡು ಸಿಕ್ಕಿದವು, ಜೊತೆಗೆ ಹಳೆಯ ಆವೃತ್ತಿಗಳ ಚೂರುಗಳು. ಯಾವುದರ ನಂತರ ಯಾವುದು ಎಂದು ಯಂತ್ರಕ್ಕೆ ತಿಳಿಯದು, ನನಗೂ ತಿಳಿಯದು. ಮೇಷ್ಟ್ರನ್ನು ಕರೆಸಿದೆ. ಅವರು ಸ್ಟೂಲಿನ ಮೇಲೆ ಕುಳಿತು, ಕನ್ನಡಕ ಒರೆಸಿಕೊಂಡು, ಮಧ್ಯಾಹ್ನವೆಲ್ಲ ಓದಿದರು. ತುಂಡು ಮುರಿದ ಜಾಗ ಅಕ್ಷರದ ನಡುವೆಯೇ ಇತ್ತು. ಒಂದು ತುಂಡಿನ ಕೊನೆಯಲ್ಲಿ 'ಬನದೊಳಗೆ ಕತ್ತಿ' ಎಂದು ಬಂದು ಒಂದು ಪ್ರಶ್ನಾರ್ಥಕ ಚೌಕ. "ಕತ್ತಿ ತರಬಾರದು. ಆ ಇನ್ನೊಂದು ತುಂಡು ತೆಗೆ, ಅದರ ತಲೆಯಲ್ಲಿ 'ರಬಾರದು' ಎಂದಿದೆ ನೋಡು" ಎಂದರು. ಇತ್ತು. ತಕಾರದ ಮೂರು ಬೈಟುಗಳಲ್ಲಿ ಒಂದು ಇಲ್ಲಿ, ಎರಡು ಅಲ್ಲಿ. ಕೂಡಿಸಿದೆ, ಅಕ್ಷರ ಮೂಡಿತು.

ಇನ್ನೊಬ್ಬರು ಅಲ್ಲಿಂದ ಚೀಟಿ ಕಳುಹಿಸಿದ್ದಾರೆ: ಮದುವೆ ಫೋಟೋಗಳ ಎಸ್‌ಎಸ್‌ಡಿಯನ್ನು ಬೀರುವಿನಲ್ಲಿ ಪೀಚೆಕತ್ತಿಯ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ) ಜೊತೆ ಭದ್ರವಾಗಿಟ್ಟಿದ್ದೇವೆ, ಸಾಕೇ? ಪೀಚೆಕತ್ತಿಗೆ ಸಾಕು. ಕರೆಂಟಿಲ್ಲದೆ ಇಟ್ಟ ಫ್ಲ್ಯಾಶಿನಿಂದ ವಿದ್ಯುದಂಶ ನಿಧಾನವಾಗಿ ಸೋರುತ್ತದೆ. ಮನೆಬಳಕೆಯ ಎಸ್‌ಎಸ್‌ಡಿ ತನ್ನ ಬರೆಯುವ ಆಯುಷ್ಯ ಮುಗಿಸಿದ ಮೇಲೂ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಹಿಡಿದಿರಬೇಕು ಎಂಬುದು ಚಿಪ್ ಉದ್ಯಮದ ಜೆಡೆಕ್ ಸಂಸ್ಥೆಯ ಮಾನದಂಡ. ಹೊಸ ಡ್ರೈವ್ ಇನ್ನೂ ಬಹಳ ಹೆಚ್ಚು ಕಾಲ ಹಿಡಿಯುತ್ತದೆ. ಆದರೂ ವರ್ಷಗಟ್ಟಲೆ ಮುಟ್ಟದೆ ಇಡುವುದಕ್ಕೆ ಹಾರ್ಡ್‌ಡಿಸ್ಕೇ ವಾಸಿ.

ಲಿನಕ್ಸ್ ಹುಡುಗರಿಗೆ ಇನ್ನೊಂದೇ ಮಾತು. ಎಕ್ಸ್‌ಟಿ4ನಲ್ಲಿ ಸೂಪರ್‌ಬ್ಲಾಕ್, ಅಂದರೆ ಪುಸ್ತಕದ ಮೊದಲ ಪುಟ, ಕೆಟ್ಟರೆ ಅದರ ಪ್ರತಿಗಳು 32768, 98304 ಮುಂತಾದ ಬ್ಲಾಕುಗಳಲ್ಲಿರುತ್ತವೆ, ಬ್ಲಾಕಿನ ಗಾತ್ರ 4 ಕಿಲೋಬೈಟ್ ಇದ್ದಾಗ. ಅವುಗಳ ಪಟ್ಟಿ ಪಡೆಯಲು ಎಂಕೆಇ2ಎಫ್‌ಎಸ್ ಆಜ್ಞೆಗೆ ಮೈನಸ್ ಎನ್ ಸೇರಿಸಿ ಎಂದು ಎಲ್ಲರೂ ಹೇಳುತ್ತಾರೆ. ಆ ಎನ್ ಮರೆತರೆ ಅದು ಪಟ್ಟಿ ಕೊಡುವುದಿಲ್ಲ, ಹೊಸ ಫೈಲ್ ಸಿಸ್ಟಂ ಕಟ್ಟುತ್ತದೆ, ಕಟ್ಟುವ ಮೊದಲು ಇಡೀ ಜಾಗವನ್ನು ಬೇಡ ಎಂದು ರೈಟರ್‌ಗೆ ಹೇಳಿ ಕಳುಹಿಸುತ್ತದೆ. ಒಂದು ಅಕ್ಷರ. ಇದನ್ನೂ ಪಡಿಯಚ್ಚಿನ ಮೇಲೆಯೇ ಮಾಡಿ.

ಮೇಷ್ಟ್ರ ಫೈಲಿನಲ್ಲಿ ಕೊನೆಗೂ ಸಿಗದೆ ಉಳಿದದ್ದು ಒಂದು ಪ್ಯಾರಾ, ಆ ರಾತ್ರಿ ಬೆರಳಚ್ಚು ಮಾಡುತ್ತಿದ್ದದ್ದು. ಅವರು ಸೇವ್ ಒತ್ತಿರಲಿಲ್ಲ. ಅದು ಡಿಸ್ಕಿಗೆ ಹೋಗಿಯೇ ಇರಲಿಲ್ಲ, ಹಾಗಾಗಿ ಯಾವ ಗೋದಾಮಿನಲ್ಲೂ ಇರಲಿಲ್ಲ. ಹೇಳಿದೆ. ಪರವಾಗಿಲ್ಲ, ನೆನಪಿದೆ ಎಂದು ನನ್ನದೇ ಕೀಲಿಮಣೆ ಎಳೆದುಕೊಂಡು, ಎರಡು ಬೆರಳಿನಲ್ಲಿ, ಒಂದೊಂದೇ ಸಾಲು ಬರೆದು ಪ್ರತಿ ಸಾಲಿಗೂ ಸೇವ್ ಒತ್ತಿದರು. ಹೊರಗೆ ಮಳೆ ಜೋರಾಯಿತು, ಟ್ಯೂಬ್‌ಲೈಟ್ ಒಮ್ಮೆ ಮಿಣುಕಿತು. ಕೈ ತಡೆದು ನನ್ನ ಕಡೆ ತಿರುಗಿ ಕೇಳಿದರು:

"ಇದು ಈಗ ಗೋದಾಮಿಗೆ ಹೋಯಿತೋ, ಇನ್ನೂ ನಿನ್ನ ರೈಟರ್‌ನ ಕೈಯಲ್ಲೇ ಇದೆಯೋ?"

ನಾನು ಯುಪಿಎಸ್‌ನ ಹಸಿರು ದೀಪ ತೋರಿಸಿದೆ. ಅವರು ಅದನ್ನೊಮ್ಮೆ ನೋಡಿ, ಜೇಬಿನಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು.